ಅವ್ವನ ಬಣ್ಣ

ನಾನು ಒಂದು ಸ್ಟೂಲು. ಯಾರದೋ ಮನೆಯ ಬಾಗಿಲಿಗೆಂದು ತಂದ ಮತ್ತಿ ಮರದಲ್ಲಿ ಮಿಕ್ಕ ತುಂಡುಗಳಿಂದ ಹಳಿಯಾಳದ ಬಡಿಗನೊಬ್ಬ ನನ್ನನ್ನು ಮಾಡಿದ. ಮೊದಲು ಒಬ್ಬ ಟೇಲರ್ ಕೊಂಡ. ನನ್ನ ಮೇಲೆ ಕೂತವರೆಲ್ಲ ಹರಟೆ ಹೊಡೆಯುತ್ತಾರೆಂದು ಬೇಸತ್ತು, ಪಕ್ಕದ ಫೋಟೋ ಸ್ಟುಡಿಯೋಕ್ಕೆ ದಾಟಿಸಿದ. ತಪ್ಪು ಹರಟೆಯವರದು, ಶಿಕ್ಷೆ ನನಗೆ!

ಸ್ಟುಡಿಯೋ ಯಶವಂತ ಮಿರಾಶಿಯವರದು. ನೀಲಿ ಪರದೆಯ ಮುಂದೆ ನನ್ನ ಜಾಗ. ಜನ ಬರುತ್ತಿದ್ದರು, ಕೂರುತ್ತಿದ್ದರು, ಗದ್ದ ಎತ್ತಿ ನೆಟ್ಟಗಾಗುತ್ತಿದ್ದರು, ಎದ್ದು ಹೋಗುತ್ತಿದ್ದರು. ಒಬ್ಬರೂ ನನ್ನತ್ತ ತಿರುಗಿ ನೋಡಿದ್ದಿಲ್ಲ. ಜನರ ನಡುವೆಯೇ ಒಂಟಿಯಾಗಿರುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು.

ಮಿರಾಶಿಯವರು ಒಳ್ಳೆಯ ಮನುಷ್ಯ. ಆದರೆ ಅವರದೊಂದು ಪದ್ಧತಿ ಇತ್ತು. ಫೋಟೋ ತೆಗೆದ ಮೇಲೆ ಕಂಪ್ಯೂಟರಿನಲ್ಲಿ ಎಲ್ಲರ ಮುಖವನ್ನೂ ಬೆಳ್ಳಗೆ ಮಾಡುತ್ತಿದ್ದರು. ಬೆಳ್ಳಗಾದದ್ದನ್ನು ಉಳಿಸಿ ಮೊದಲಿನದನ್ನು ಅಳಿಸಿಬಿಡುತ್ತಿದ್ದರು. ಗಿರಾಕಿಗಳೂ ಖುಷಿಯಿಂದಲೇ ಹೋಗುತ್ತಿದ್ದರು.

ಒಂದು ದಿನ ಲುಸಿಯಾ ಬಂದಳು. ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದು ಈ ಕಾಡಿನವರೇ ಆಗಿಹೋದ ಸಿದ್ದಿಯರ ಹುಡುಗಿ, ಪೇಟೆಯಲ್ಲಿ ನರ್ಸ್. ಕೈಯಲ್ಲಿ ಕಟ್ಟು ಹಾಕಿಸಿದ ಫೋಟೋ. ಅವಳ ತಾಯಿ ತೀರಿಹೋಗಿದ್ದಳು. ಜೀವಮಾನದಲ್ಲಿ ಆಕೆ ತೆಗೆಸಿಕೊಂಡ ಫೋಟೋ ಅದೊಂದೇ, ಅದೂ ಇದೇ ಸ್ಟುಡಿಯೋದಲ್ಲಿ.

"ಮಾಮಾ, ಇದು ನಮ್ಮವ್ವ ಅಲ್ಲ. ನೀವು ತಗದಾಗ ಹೆಂಗಿತ್ತೋ ಹಂಗ ಕೊಡ್ರಿ."

ಮಿರಾಶಿ ನಕ್ಕರು. "ಎಷ್ಟ್ ಚಂದ ಬಂದೈತಲ್ಲ ತಂಗಿ! ಎಲ್ಲಾರಿಗೂ ಹಂಗ ಮಾಡತೇನಿ. ಇಷ್ಟಕ್ಕ ಸಿಟ್ಟಾ? ಮೊದಲಿಂದು ಈಗಿಲ್ಲ. ತಾ ಇಲ್ಲಿ, ಒಂಚೂರು ಕಪ್ಪಗ ಮಾಡಿ ಕೊಡತೇನಿ."

"ಯಾವ ಕಪ್ಪು ಮಾಮಾ? ಅವ್ವನ ಬಣ್ಣ ನಿಮಗ ನೆನಪೈತೇನು?"

ಅವರಿಗೆ ನೆನಪಿರಲಿಲ್ಲ. ಮೌಸಿನಿಂದ ಕೈ ತೆಗೆದರು. ಲುಸಿಯಾ ಹೊರಡಲು ತಿರುಗಿದಳು.

"ಕೂಡವ್ವಾ. ಹೇಳು, ನಾ ಕೇಳತೇನಿ" ಎಂದು ತಮ್ಮ ಕುರ್ಚಿಯನ್ನು ಅವಳಿಗೆ ಬಿಟ್ಟು, ನನ್ನ ಮೇಲೆ ಕೂತರು. ಇಷ್ಟು ವರ್ಷದಲ್ಲಿ ಅದೇ ಮೊದಲು.

"ಬಸ್ಸಿನ್ಯಾಗ ಯಾವ ದೇಶ ಅಂತ ಕೇಳತಾರ. ಮಾತಾಡಿದ್ರ, ಕನ್ನಡ ಭಾಳ ಚಲೋ ಕಲ್ತೀಯಲ್ಲ ಅಂತಾರ. ಕೇಳದೇ ಕೂದಲಾ ಮುಟ್ಟತಾರ. ಇಂಜೆಕ್ಷನ್ ಕೊಡಾಕ ಹೋದ್ರ ಬ್ಯಾರೇ ನರ್ಸ್ ಇಲ್ಲೇನು ಅಂತಾರ. ಅವರೆಲ್ಲಾ ಗುರುತಿಲ್ಲದವ್ರು ಮಾಮಾ. ನೀವು ನಮ್ಮನ್ನ ಬಲ್ಲವ್ರು. ನಮ್ಮನಿ ಗ್ವಾಡಿ ಮ್ಯಾಲರ ಅವ್ವ ಅವ್ವನಂಗ ಇರಬೇಕಿತ್ತು."

ಮೊದಲಿಗೆ ಮಿರಾಶಿ ನನ್ನ ಅಂಚಿನಲ್ಲಿ, ಈಗಲೇ ಎದ್ದುಬಿಡುವವರಂತೆ ಕೂತಿದ್ದರು. "ಹಂಗಲ್ಲ ತಂಗಿ" ಎಂದು ಶುರುಮಾಡಿ ತಾವೇ ನಿಲ್ಲಿಸಿದರು. ಆಮೇಲೆ ಮೆಲ್ಲಗೆ ಹಿಂದೆ ಸರಿದು ಪೂರ್ತಿ ಭಾರ ಬಿಟ್ಟರು. ಅವಳು ಹೇಳಿ ಮುಗಿಸುವವರೆಗೂ ಮಿಸುಕಲಿಲ್ಲ.

"ತಪ್ಪಾತವ್ವಾ" ಎಂದರು.

ಅವಳು ಇರಲಿ ಬಿಡಿ ಎನ್ನಲಿಲ್ಲ. ಯಾಕೆ ಎನ್ನಬೇಕು? ಫೋಟೋ ಎದೆಗೊತ್ತಿಕೊಂಡು ಹೋದಳು.

ಅಂದಿನಿಂದ ಅವರು ಪ್ರತಿಯೊಬ್ಬರನ್ನೂ "ಇದ್ದಂಗ ಇರಲೇನ್ರೀ?" ಎಂದು ಕೇಳತೊಡಗಿದರು. ಹೆಚ್ಚಿನವರು "ಒಂಚೂರು ಬೆಳ್ಳಗ ಮಾಡ್ರಿ" ಎನ್ನುತ್ತಿದ್ದರು. ಮಿರಾಶಿ ಪರದೆ ಸರಿಪಡಿಸಿ, ಅವರು ಕೇಳಿದಂತೆಯೇ ಮಾಡಿಕೊಡುತ್ತಿದ್ದರು.

ಈಗ ಸ್ಟುಡಿಯೋ ಮುಚ್ಚಿದೆ. ಅವರ ಹಿತ್ತಿಲ ಕೋಣೆಯಲ್ಲಿ, ಕಾಲು ಸಡಿಲವಾಗಿ, ಗೋಡೆಗೆ ಒರಗಿ ನಿಂತಿದ್ದೇನೆ. ಇಲ್ಲಿಗೆ ಯಾರೂ ಬರುವುದಿಲ್ಲ. ಲುಸಿಯಾಳ ತಾಯಿ ಫೋಟೋ ತೆಗೆಸಿಕೊಳ್ಳಲು ಬಂದ ದಿನ ಮತ್ತೆ ಮತ್ತೆ ನೆನಪಾಗುತ್ತದೆ. ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದಳು. ಸಂಕೋಚದಿಂದ ಬರಿಗಾಲುಗಳನ್ನು ಎತ್ತಿ ನನ್ನ ಅಡ್ಡಪಟ್ಟಿಯ ಮೇಲೆ ಇಟ್ಟುಕೊಂಡಿದ್ದಳು. ಮೇಲೆ ಕೂತವರ ಮುಖ ಸ್ಟೂಲಿಗೆ ಕಾಣದು, ಪಾದ ಕಾಣುತ್ತದೆ. ಆಕೆಯ ಬಣ್ಣವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದೇನೆ, ಇವತ್ತಿಗೂ ಮರೆತಿಲ್ಲ. ಲುಸಿಯಾ ಹುಡುಕಿಕೊಂಡು ಬಂದದ್ದು ನನ್ನ ಬಳಿಯೇ ಇತ್ತು. ಅವಳು ನನ್ನ ಎದುರಿಗೇ ಇದ್ದಳು. ನನಗೆ ಬಾಯಿರಲಿಲ್ಲ.