ಊದುವ ಕಿರಣ, ಊದದ ಕಿರಣ

ಪೀಣ್ಯದ ಆ ಕಂಪ್ಯೂಟರ್ ಕೇಂದ್ರಕ್ಕೂ ಲೇತ್ ಶೆಡ್ಡಿಗೂ ನಡುವೆ ಒಂದೇ ಗೋಡೆ. 1984ರ ಆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಲೆಕ್ಕ ಒಪ್ಪಿಸಿದ್ದ ಪ್ರೊಫೆಸರ್ ಬರುವವರಿದ್ದರು. ಅಷ್ಟರಲ್ಲಿ ಲೆಕ್ಕ ಸರಿಹೋಗದಿದ್ದರೆ ಕೆಲಸ ಬೊಂಬಾಯಿಯ ಕಂಪ್ಯೂಟರ್ ಕೇಂದ್ರದವರ ಪಾಲಾಗುತ್ತಿತ್ತು. ಇಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ ಅಶ್ವತ್ಥಮ್ಮನ ತಾತ್ಕಾಲಿಕ ನೌಕರಿಯೂ ಅಲ್ಲಿಗೆ ಮುಗಿಯುತ್ತಿತ್ತು.

ವಿದೇಶದ ಯಂತ್ರವೊಂದರಲ್ಲಿ, ಬಳೆಯಂಥ ಕೊಳವೆಯೊಳಗೆ ಕಣಗಳ ಎರಡು ಕಿರಣಗಳು ಎದುರುಬದುರಾಗಿ ಓಡುತ್ತವೆ. ಸೇರುವ ಜಾಗದಲ್ಲಿ ಡಿಕ್ಕಿ ಹೊಡೆಯುವ ಕಣಗಳು ಬೆರಳೆಣಿಕೆಯಷ್ಟು. ಉಳಿದ ಕೋಟ್ಯಂತರ ಕಣಗಳು ಒಂದರೊಳಗೊಂದು ತೂರಿ ಹೋಗಿಬಿಡುತ್ತವೆ. ಆದರೆ ಹೋಗುವಾಗ ಎದುರಿನ ಗುಂಪಿನ ಸೆಳೆತ ಪ್ರತಿಯೊಂದನ್ನೂ ಕೊಂಚ ವಾಲಿಸುತ್ತದೆ. ಎರಡೂ ಕಿರಣಗಳು ಸಮನಾಗಿದ್ದರೂ ಅಲ್ಲಿ ಒಂದು ಮಾತ್ರ ಊದಿಕೊಂಡಿತ್ತಂತೆ. ಏಕೆಂದು ಅವಳ ಪ್ರೋಗ್ರಾಂ ತೋರಿಸಬೇಕಿತ್ತು. ಅವಳ ಲೆಕ್ಕದಲ್ಲೋ ಕಿರಣ ತುಸು ಹಿಗ್ಗಿ ನಿಂತುಬಿಡುತ್ತಿತ್ತು. ಪ್ರೋಗ್ರಾಮನ್ನು ತೂತುಗಳಾಗಿ ಹೊಡೆದಿದ್ದ ಕಾರ್ಡುಗಳನ್ನೆಲ್ಲ ಮೂರು ಸಲ ನೋಡಿದ್ದಳು.

ಲೇತ್ ಶೆಡ್ಡಿನ ಮೇಸ್ತ್ರಿ ಚಿನ್ನಪ್ಪ ಬಾಗಿಲಲ್ಲಿ ಇಣುಕಿದರು. "ಏನವ್ವಾ, ಮಕ ಇಂಗೆ ಬಾಡೋಗೈತೆ? ನಿನ್ ಮಿಸನ್ನು ಮುನಿಸ್ಕಂಡೈತಾ?"

"ಎರಡು ಕಿರಣ ಇದಾವೆ ಚಿನ್ನಪ್ಪಣ್ಣ. ಒಂದನ್ನ ಅಲ್ಲಾಡದ ಹಾಗೆ ಇಟ್ಟಿದ್ದೀನಿ. ಅದು ಇನ್ನೊಂದನ್ನ ಅಲ್ಲಾಡಿಸುತ್ತೆ. ಎರಡನ್ನೂ ಅಲ್ಲಾಡೋಕೆ ಬಿಟ್ರೆ ನಮಗೆ ಕೊಟ್ಟಿರೋ ಮಿಷನ್ ಟೈಮ್ ಸಾಲಲ್ಲ."

"ಅದ್ಯಾವ ನ್ಯಾಯ? ಲೇತಲ್ಲಿ ಟೂಲು ಕಂಬೀನ ತಳ್ತದೆ, ಕಂಬೀನೂ ಟೂಲ್ನ ತಳ್ತದೆ. ಕಂಬಿ ಬಗ್ಗಿದ್ ಮೇಲೆ ಟೂಲು ಮೊದ್ಲಿನಂಗೇ ಕೊರೀತದಾ? ಇಷ್ಟು ಓದಿ ಇದು ತಿಳೀಲಿಲ್ವಾ!"

ಅವಳಿಗೆ ನಾಚಿಕೆಯಾಯಿತು. ಕಣಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ ಸಮಯ ಉಳಿಸಿದಳು. ಎರಡು ಕಿರಣಗಳನ್ನೂ ಅಲ್ಲಾಡಲು ಬಿಟ್ಟಳು.

ಪ್ರಿಂಟರ್ ಕರಕರ ಎಂದಿತು. ಸಾವಿರ ಸುತ್ತಿನವರೆಗೂ ಎರಡೂ ಸಮ. ಆಮೇಲೆ ಎಡಗಡೆಯದು ಒಂದಿಷ್ಟು ಅಗಲವಾಯಿತು. ಅಗಲವಾದದ್ದರಿಂದ ಅದರ ಸೆಳೆತ ಹರಡಿ ತೆಳುವಾಯಿತು; ಬಲಗಡೆಯದು ನೆಮ್ಮದಿಯಾಗಿ ಸಣ್ಣಗೇ ಉಳಿಯಿತು. ಆ ಸಣ್ಣದರ ಒತ್ತಾದ ಸೆಳೆತಕ್ಕೆ ಎಡಗಡೆಯದು ಮತ್ತಷ್ಟು ಊದಿತು. ಹೀಗಾಗಲಿ ಎಂದು ಅವಳು ಎಲ್ಲೂ ಬರೆದಿರಲಿಲ್ಲ.

ತನ್ನದೇ ತಪ್ಪಿರಬಹುದೆಂದು ಕಣಗಳ ಆರಂಭದ ಜಾಗಗಳನ್ನು ಕೂದಲೆಳೆಯಷ್ಟು ಬದಲಿಸಿ ಮತ್ತೆ ಓಡಿಸಿದಳು. ಈ ಸಲ ಊದಿದ್ದು ಬಲಗಡೆಯದು.

ಮೂರಕ್ಕೆ ಸರಿಯಾಗಿ ಬಂದ ಪ್ರೊಫೆಸರ್ ಎರಡೂ ಹಾಳೆಗಳನ್ನು ನಿಂತೇ ಓದಿದರು. "ಮುಂದಿನ ಸಲ ಯಾವುದು ಊದುತ್ತಮ್ಮ?"

ಎಡವೆಂದೋ ಬಲವೆಂದೋ ಏನೋ ಒಂದು ಹೇಳಿಬಿಡಬಹುದಿತ್ತು.

"ಹೇಳಕ್ಕಾಗಲ್ಲ ಸಾರ್. ಶುರುವಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಆದ್ರೂ ಪಕ್ಕ ಬದಲಾಗುತ್ತೆ."

ಪ್ರೊಫೆಸರ್ ಹಾಳೆಗಳನ್ನು ನೆಲದ ಮೇಲೆ ಉದ್ದಕ್ಕೂ ಹಾಸಿ, ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತರು. ಎರಡರ ಸಾಲುಗಳನ್ನೂ ಬೆರಳಿಟ್ಟು ಹೋಲಿಸುತ್ತ ಹೋದರು.

"ಕೆಲಸ ಇಲ್ಲೇ ಇರಲಿ, ಬೊಂಬಾಯಿಗೆ ಬೇಡ ಅಂತ ಬರೆದುಬಿಡ್ತೀನಿ," ಎಂದರು ಕೊನೆಗೆ. "ಬನ್ನಿ, ನೀವೂ ಕೂತ್ಕೊಳ್ಳಿ. ಮೊದಲಿಂದ ನೋಡೋಣ."