ಎಡಗಡೆಯ ಬಾಲ್ ಜಾಯಿಂಟ್

ಕಲ್ಯಾಣಪುರದ ಎಡ್ಮಂಡನ ಗ್ಯಾರೇಜಿನಿಂದ ರಮಾಮಣಿಯವರು ಮುನಿಸಿಕೊಂಡು ಎದ್ದು ಬಂದದ್ದು ಪಕ್ಕದ ಮನೆಯ ಚೈತನ್ಯಾಳ ಸೀಮಂತಕ್ಕೆ ಇಪ್ಪತ್ತು ದಿನ ಮೊದಲು.

ಅವರ ಕಾರಿನ ಅಡಿಯಿಂದ ಹೊರಗೆ ಬಂದ ಎಡ್ಮಂಡ್ ಕೈ ಒರೆಸಿಕೊಳ್ಳುತ್ತಾ ಹೇಳಿದ್ದ: "ಎಡಗಡೆ ಬಾಲ್ ಜಾಯಿಂಟ್ ಹೋಗಿದೆ ಮೇಡಂ. ಚಕ್ರವನ್ನು ಹಿಡಿದುಕೊಳ್ಳುವುದೇ ಅದು. ಸವೆದು ಕುಣಿತಾ ಉಂಟು. ಕಳಚಿದರೆ ಚಕ್ರ ಅಲ್ಲೇ ಮಗುಚಿ ಮಲಗ್ತದೆ."

"ನಾನೇನು ರೇಸಿಗೆ ಹೋಗುವುದಾ? ವಾರಕ್ಕೆರಡು ಸಲ ಮಣಿಪಾಲ, ಅಷ್ಟೆ."

"ಎರಡು ಲಕ್ಷ ಕಿಲೋಮೀಟರ್ ದಾಟಿತು ಮಾರಾಯ್ರೆ. ಇನ್ನು ಸಾಕಿ ಎಂತ ಮಾಡ್ತೀರಿ? ವಯಸ್ಸಾದ ಮೇಲೆ ಒಂದು ಸರಿ ಮಾಡಿದರೆ ಇನ್ನೊಂದು ಕೈ ಕೊಡ್ತದೆ!"

ಅವನು ನಕ್ಕದ್ದು ಕಾರನ್ನು ನೋಡಿಯೇ. ಆದರೆ ಅರವತ್ತೊಂಬತ್ತು ತುಂಬಿದ ರಮಾಮಣಿಯವರು ಹಿಂದಿನ ದಿನವಷ್ಟೇ ಮಂಡಿಯ ಡಾಕ್ಟರ ಬಾಯಿಂದ ಇದೇ ಮಾತನ್ನು ಕೇಳಿ ಬಂದಿದ್ದರು. ಮಣಿಪಾಲದ ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತು ವರ್ಷ ದುಡಿದವರು, ಮದುವೆಯಾಗದೆ ಉಳಿದವರು, ತಮ್ಮ ಸಂಬಳದಲ್ಲಿ ಕೊಂಡ ಆ ಕಾರನ್ನು ಯಾರೂ ಹಳತು ಎನ್ನುವುದನ್ನು ಸಹಿಸದವರು. ಬೀಗದ ಕೈ ಇಸಕೊಂಡು ಹೊರಟೇಬಿಟ್ಟರು. ಬಿಡಿಭಾಗ ಬಂದಿದೆಯೆಂದು ಎಡ್ಮಂಡ್ ಎರಡು ಸಲ ಫೋನು ಮಾಡಿದ. ಎರಡು ಸಲವೂ ಅದು ಬಡಿದುಕೊಂಡು ಸುಮ್ಮನಾಗುವವರೆಗೆ ಅವರು ಸ್ನಾನದ ಮನೆಯ ಬಾಗಿಲಲ್ಲಿ ನಿಂತಿದ್ದರು.

ಪಕ್ಕದ ಮನೆಯ ಲೀಲಾಧರ ಮಲ್ಪೆಯ ಮೀನಿನ ಲಾರಿಯ ಡ್ರೈವರು. ಇಪ್ಪತ್ತಾರು ವರ್ಷ ಲಾರಿ ಓಡಿಸಿ ಒಂದು ಕೋಳಿಗೂ ತಾಗಿಸದವನು ಎಂದು ಬಂದರಿನಲ್ಲಿ ಹೆಸರು. ಮಗಳು ಚೈತನ್ಯಾಳನ್ನು ಕಾರ್ಕಳಕ್ಕೆ ಕೊಟ್ಟಿದ್ದರು. ಸೀಮಂತ ಗಂಡನ ಮನೆಯಲ್ಲಿ. ಅದು ಮುಗಿದ ಮೇಲೆ ಅವಳನ್ನು ತವರಿಗೆ ಕರೆತರಬೇಕು.

"ನೆಂಟರಿಗೆಲ್ಲ ಟೆಂಪೋ ಆಯ್ತು ರಮಾಮಣಿಯಕ್ಕ," ಎಂದಳು ಲೀಲಾಧರನ ಹೆಂಡತಿ ನಳಿನಾಕ್ಷಿ, ಸೀಮಂತದ ಹಿಂದಿನ ಸಂಜೆ ಬೇಲಿಯ ಬಳಿ ನಿಂತು. "ಬರುವಾಗ ಅದರಲ್ಲಿ ಕುಲುಕಿದರೆ ಹುಡುಗಿಗೆ ಆಗ್ಲಿಕ್ಕಿಲ್ಲ. ನಿಮ್ಮ ಕಾರು ಒಂದು ದಿನ..."

"ಅದಕ್ಕೆ ಕೇಳುವುದು ಎಂತ? ತೆಗೆದುಕೊಂಡು ಹೋಗಿ."

ಬಾಯಿಂದ ಮಾತು ಹೊರಟ ಮೇಲೆಯೇ ಅವರಿಗೆ ಎಡ್ಮಂಡ್ ನೆನಪಾದದ್ದು. ಬೆಳಿಗ್ಗೆ ಹೇಳಿದರಾಯಿತು ಅಂದುಕೊಂಡರು.

ಬೆಳಿಗ್ಗೆ ಲೀಲಾಧರ ಹೊಸ ಪಂಚೆ ಉಟ್ಟು ಬಂದ. ನಳಿನಾಕ್ಷಿ ಶಂಕರಪುರದ ಮಲ್ಲಿಗೆಯನ್ನು ಕಾರಿನ ಮುಂದೆ ಇಳಿಬಿಟ್ಟಳು. ಹಣ್ಣು, ಹಸಿರು ಬಳೆ, ಸೀರೆಯ ಹರಿವಾಣಗಳು ಹಿಂದಿನ ಸೀಟು ತುಂಬಿದವು. ಮಡಿಲು ತುಂಬಲು ಹೊರಟವರ ಎದುರು ಮುರಿಯುವ, ಕಳಚುವ ಮಾತು ಆಡುವುದು ಹೇಗೆ? ರಮಾಮಣಿಯವರು ಕೀಯನ್ನಷ್ಟೇ ಕೊಟ್ಟರು. ಕಾರು ಗೇಟಿನ ದಿಬ್ಬ ಇಳಿಯುವಾಗ ಎಡಗಡೆಯಿಂದ 'ಟಕ್' ಎಂದಿತು. ಅವರು ಎರಡು ಹೆಜ್ಜೆ ಓಡಿದರು. ಕೈಯನ್ನೂ ಎತ್ತಿದರು. ಶುಭಕ್ಕೆ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಎತ್ತಿದ ಕೈ ಟಾಟಾ ಮಾಡಿತು. ಕನ್ನಡಿಯಲ್ಲಿ ನೋಡಿದ ನಳಿನಾಕ್ಷಿ ತಾನೂ ಕೈ ಬೀಸಿದಳು.

ಆಮೇಲೆ ಫೋನು ಮಾಡಬಹುದಿತ್ತು. ಕಾರ್ಕಳ ತಲುಪಿದ ಮೇಲೆ ಮಾಡಬಹುದಿತ್ತು. ಆರತಿ, ಊಟ, ಆ ಗೌಜಿಯ ನಡುವೆ ಯಾಕೆ ಎಂದುಕೊಂಡರು. ಇಷ್ಟು ದಿನ ಆಗದ್ದು ಇವತ್ತೇ ಆಗುತ್ತದೆಯೇ ಎಂದೂ ಅಂದುಕೊಂಡರು.

ಮಧ್ಯಾಹ್ನ ಮೂರೂವರೆಗೆ, ಹಿಂದಿರುಗುವ ದಾರಿಯಲ್ಲಿ, ಹಿರಿಯಡ್ಕದ ಈಚೆ ಒಂದು ತಿರುವಿನಲ್ಲಿ ಎಡಗಡೆಯ ಮುಂದಿನ ಚಕ್ರ ಮಗುಚಿತು. ಕಾರು ಡಾಮರನ್ನು ಕೆರೆದುಕೊಂಡು ಹೋಗಿ ಮೋರಿಯ ಕಟ್ಟೆಗೆ ಬಡಿದು ನಿಂತಿತು. ಹಿಂದೆ ಕುಳಿತಿದ್ದ ಏಳು ತಿಂಗಳ ಬಸುರಿ ಚೈತನ್ಯಾ ಮುಂದಿನ ಸೀಟಿಗೆ ಕೈ ಕೊಟ್ಟು ಹೇಗೋ ತಡೆದುಕೊಂಡಳು. ಮಣಿಪಾಲದ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ನೋಡಿ, ತಾಯಿ ಮಗು ಇಬ್ಬರೂ ಕ್ಷೇಮ ಎಂದು ಕಳಿಸಿದರು. ಲೀಲಾಧರನ ಮಣಿಕಟ್ಟು ಉಳುಕಿತ್ತು.

ಸುದ್ದಿ ತಿಳಿದ ಮರುದಿನವೇ ರಮಾಮಣಿಯವರು ಮಣಿಪಾಲದ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲೇ ಹೇಳಬೇಕೆಂದು ಹೋದರೆ ಲೀಲಾಧರ ಎದ್ದು ನಿಂತು ಕೈ ಮುಗಿದ: "ನಿಮ್ಮ ಮುಖ ನೋಡ್ಲಿಕ್ಕೆ ಆಗುವುದಿಲ್ಲ ಅಮ್ಮ. ಮಗಳ ಹಾಗೆ ಸಾಕಿದ ಕಾರು. ಹಾಳು ಮಾಡಿಬಿಟ್ಟೆ."

"ಅಯ್ಯೋ, ಅದು ಹಾಗಲ್ಲ ಲೀಲಾಧರ..."

ಅಷ್ಟರಲ್ಲಿ ನರ್ಸ್ ಕರೆದಳು. ನಳಿನಾಕ್ಷಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, "ನೀವು ಬಿಸಿಲಿಗೆ ಬಸ್ಸಿನಲ್ಲಿ ಬಂದದ್ದಾ?" ಎಂದು ಎಳನೀರು ತಂದುಕೊಟ್ಟಳು. ಆ ಎಳನೀರನ್ನು ಅವರು ಕುಡಿದರು. ಮಾತು ಅದರ ಜೊತೆಗೇ ಒಳಗೆ ಹೋಯಿತು.

ಮರುದಿನ ಗ್ಯಾರೇಜಿಗೆ ಹೋದರು. ಎಳೆದು ತಂದ ಕಾರು ಮೂಲೆಯಲ್ಲಿ ಒಂದು ಕಾಲು ಮಡಿಸಿಕೊಂಡು ಕುಳಿತಂತಿತ್ತು. ಎಡ್ಮಂಡ್ ಈ ಸಲ ತಮಾಷೆ ಮಾಡಲಿಲ್ಲ. ಸ್ಟೂಲು ಒರೆಸಿ ಕೊಟ್ಟ.

"ಲೀಲಾಧರಣ್ಣ ಬಂದು ನೋಡಿ ಹೋದ," ಎಂದ. "ತಿರುವಿಗೆ ಸ್ವಲ್ಪ ಜೋರು ಹಾಕಿದೆ ಅಂತ ಅವನೇ ಹೇಳ್ತಾನೆ. ನಾನು ಏನೂ ಹೇಳಲಿಲ್ಲ. ಹೇಳುವುದೂ ಇಲ್ಲ ಮೇಡಂ. ಹಳೇ ಗಾಡಿ, ಹೀಗೆಲ್ಲ ಆಗ್ತದೆ."

ಅವನ ದಯೆ ಅವರನ್ನು ಕೂತಲ್ಲಿ ಕೂರಗೊಡಲಿಲ್ಲ. ಬೈದಿದ್ದರೆ ಒಂದಿಷ್ಟು ಹಗುರವಾಗುತ್ತಿತ್ತೇನೋ.

ಹತ್ತು ದಿನ ಕಳೆಯಿತು. ಲೀಲಾಧರನ ಕೈಯ ಬಾವು ಇಳಿದರೂ ಅವನು ಬಂದರಿಗೆ ಹೋಗಲಿಲ್ಲ. ಲಾರಿ ಮಾಲಕರು ಎರಡು ಸಲ ಜನ ಕಳಿಸಿದರು. ಬೇಲಿಯ ಬಳಿ ನಳಿನಾಕ್ಷಿ ಪಿಸುಗುಟ್ಟಿದಳು: "ಸ್ಟೇರಿಂಗು ಹಿಡಿಯುವುದೇ ಇಲ್ಲ ಅಂತಾರೆ ಅಕ್ಕ. ಬೀಗರ ಕಡೆಯವರು ಯಾರೋ ಕುಡಿದಿದ್ದನಾ ಅಂತ ಕೇಳಿದರಂತೆ. ಅವತ್ತಿನಿಂದ ಊಟವೂ ಇಲ್ಲ. ಇವರು ಕುಡಿಯುವವರಾ, ನೀವೇ ಹೇಳಿ?"

ತಮ್ಮ ಮೌನದ ಭಾರವನ್ನು ಇಷ್ಟು ದಿನ ಬೇರೊಬ್ಬ ಹೊತ್ತುಕೊಂಡು ಕುಳಿತಿದ್ದಾನೆ ಎಂಬುದು ಆಗ ಅವರಿಗೆ ಸ್ಪಷ್ಟವಾಯಿತು. ಸೀರೆ ಬದಲಾಯಿಸುವುದಕ್ಕೂ ನಿಲ್ಲದೆ ಪಕ್ಕದ ಮನೆಯ ಗೇಟು ದಾಟಿದರು.

ಒಳಗೆ ಚೈತನ್ಯಾಳ ಅತ್ತೆ ವಾರಿಜಾ ಕಾರ್ಕಳದಿಂದ ಬಂದು ಕುಳಿತಿದ್ದರು. ಲೀಲಾಧರ ಗೋಡೆಗೆ ಒರಗಿ ನೆಲ ನೋಡುತ್ತಿದ್ದ.

"ಡ್ರೈವರ ಮಗಳು ಅಂತ ಧೈರ್ಯದಲ್ಲಿ ಕಳಿಸಿದ್ದು ನಾವು," ಎನ್ನುತ್ತಿದ್ದರು ವಾರಿಜಾ. "ಹೆರಿಗೆ ಆಗುವವರೆಗೆ ಇನ್ನು ನಿಮ್ಮ ಕೈಯಲ್ಲಿ ಸೈಕಲ್ಲೂ ಬೇಡ ಮಾರಾಯ್ರೆ!"

"ವಾರಿಜಮ್ಮ, ಅವನದು ತಪ್ಪಲ್ಲ," ಎಂದರು ರಮಾಮಣಿಯವರು, ಬಾಗಿಲಲ್ಲೇ ನಿಂತು. "ಕಾರಿನ ಬಾಲ್ ಜಾಯಿಂಟ್ ಮೊದಲೇ ಹೋಗಿತ್ತು. ಚಕ್ರ ಮಗುಚುತ್ತದೆ ಅಂತ ಎಡ್ಮಂಡ್ ಹೇಳಿದ್ದ. ನಾನು ಸರಿ ಮಾಡಿಸಲಿಲ್ಲ. ಕೀ ಕೊಡುವಾಗ ಹೇಳಲೂ ಇಲ್ಲ. ಹಿಂದಿನಿಂದ ಕರೆಯಬಾರದು ಅಂತ ಸುಮ್ಮನಾದೆ. ಅದೂ ನೆಪ. ಫೋನು ಕೈಯಲ್ಲೇ ಇತ್ತು."

ಅಡುಗೆಮನೆಯಲ್ಲಿ ಏನೋ ಉಕ್ಕುವ ಸದ್ದು. ಚೈತನ್ಯಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅವರನ್ನೇ ನೋಡಿದಳು.

ಲೀಲಾಧರ ಮೆಲ್ಲನೆ ತಲೆ ಎತ್ತಿದ. "ಆ ಸದ್ದು ನನಗೂ ಕೇಳಿತ್ತು ಅಮ್ಮ. ಗೇಟಿನಲ್ಲೇ ಕೇಳಿತ್ತು. ಪ್ರೀತಿಯಿಂದ ಕೊಟ್ಟ ಕಾರಿಗೆ ಕೊಂಕು ಹೇಳುವುದು ಹೇಗೆ ಅಂತ ಇಳಿದು ನೋಡಲಿಲ್ಲ." ಸ್ವರ ಏರಿಸದೆ, "ಆದರೆ ನಿಮಗೆ ಗೊತ್ತಿತ್ತಲ್ಲ. ಅದರಲ್ಲಿ ನನ್ನ ಮಗಳು ಇದ್ದಳು," ಎಂದ.

"ಹೌದು," ಎಂದರು ರಮಾಮಣಿಯವರು. ಬೇರೆ ಏನು ಹೇಳಿದರೂ ಅದು ತಮ್ಮನ್ನು ತಾವು ಕಾಪಾಡಿಕೊಳ್ಳುವ ಮಾತಾಗುತ್ತಿತ್ತು.

ನಳಿನಾಕ್ಷಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಕೂರಿ ಎನ್ನಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಆ ಮನೆಯಲ್ಲಿ ಅವರಿಗೆ ಯಾರೂ ಕೂರಿ ಎನ್ನದೆ ಇದ್ದದ್ದು ಅದೇ ಮೊದಲು.

ವಾರಿಜಾ ಲೀಲಾಧರನ ಕಡೆ ತಿರುಗಿದರು. "ನಾನು ಬಾಯಿಗೆ ಬಂದ ಹಾಗೆ ಮಾತಾಡಿದೆ ಭಾವ," ಎಂದರು. "ನಮ್ಮವರು ಕುಡಿತದ ಮಾತು ಆಡಿದ್ದೂ ತಪ್ಪು. ಊರಿಗೆ ಹೋಗಿ ನಾನೇ ಹೇಳ್ತೇನೆ."

ಲೀಲಾಧರ ಎದ್ದು ಜಗಲಿಗೆ ಹೋದ. ಅವನು ಫೋನಿನಲ್ಲಿ ಮಾತಾಡುವುದು ಒಳಗೆ ಕೇಳಿಸಿತು. "ಹಾಂ, ಕೈ ಸರಿ ಉಂಟು ಧನಿಗಳೇ. ಬರ್ತೇನೆ, ಬೆಳಿಗ್ಗೆ ಬರ್ತೇನೆ. ಲೋಡು ಎಲ್ಲಿಗೆ?"

ರಮಾಮಣಿಯವರು ಹೊರಗೆ ಬಂದಾಗ ಅವನು ಬೆನ್ನು ಹಾಕಿ ನಿಂತಿದ್ದ. ತಿರುಗಲಿಲ್ಲ. ಅವರು ಮೆಟ್ಟಿಲ ಬಳಿ ಆಧಾರಕ್ಕೆ ತಡಕಾಡುವಾಗ ಹಿಂದಿನಿಂದ ಬಂದ ವಾರಿಜಾ ಅವರ ಮೊಣಕೈ ಹಿಡಿದರು.

"ಮೆಲ್ಲ. ಕೊನೆಯ ಮೆಟ್ಟಿಲಿನಲ್ಲಿ ಹಾವಸೆ ಉಂಟು, ಜಾರ್ತದೆ," ಎಂದರು. ಕೆಳಗಿಳಿಸಿ, ಚಪ್ಪಲಿಯನ್ನು ಕಾಲಿನಿಂದಲೇ ಸರಿಸಿ ಎದುರಿಗಿಟ್ಟರು. ಆಮೇಲೆ ಒಳಗೆ ಹೋದರು.