ದಯವಿಟ್ಟು ಎಲ್ಲರೂ ಕುಳಿತುಕೊಳ್ಳಿ

1
ಎಲ್ಲಿಂದ ಶುರು ಮಾಡಲಿ? ಧ್ವಜದಿಂದ ಅಂದರೆ ನೀವು ಪುಟ ತಿರುಗಿಸುತ್ತೀರಿ. ಸ್ವಾತಂತ್ರ್ಯ ದಿನದ ಕತೆಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ಮೊದಲ ಡ್ರಾಫ್ಟಿನಲ್ಲಿ ಬ್ಯಾಂಡು, ಬೆಳಗು, ಭಾಷಣ ಎಲ್ಲ ಇತ್ತು. ಹರಿದು ಹಾಕಿದೆ. ಈಗ ಕುರ್ಚಿಯಿಂದ ಶುರು ಮಾಡುತ್ತೇನೆ. ಬಾಡಿಗೆಗೆ ತಂದ ಬಿಳಿ ಪ್ಲಾಸ್ಟಿಕ್ ಕುರ್ಚಿ, ಕೊನೆಯ ಸಾಲಿನದು, ಖಾಲಿ.

ಅದರ ಮೇಲೆ ಅವಳು ಕೂತಳು. ರಾಷ್ಟ್ರಗೀತೆ ಶುರುವಾದಾಗ ಏಳಲಿಲ್ಲ.

(ನೋಡಿ, ಬರೆದ ಕೂಡಲೇ ನನ್ನ ಎದೆ ಡವಡವ ಅನ್ನುತ್ತಿದೆ. ಅವಳನ್ನು ಕೂರಿಸಿದ್ದು ನಾನು ಅಂತ ಯಾರಿಗೂ ಹೇಳಬೇಡಿ.)

2
ಮೂರು ಅಂತಸ್ತಿನ ಬಟ್ಟೆ ಅಂಗಡಿ. ಅಲ್ಲಿ ಕೆಲಸದವರನ್ನು ಹೆಸರು ಹಿಡಿದು ಕರೆಯುವುದಿಲ್ಲ, ವಿಭಾಗ ಹಿಡಿದು ಕರೆಯುತ್ತಾರೆ. ಇವಳು ಬೆಡ್‌ಶೀಟ್. ಇವಳ ನಾದಿನಿ, ಅಂದರೆ ಗಂಡನ ತಂಗಿ, ಬಿಲ್ಲಿಂಗ್. ಬಿಲ್ಲಿಂಗಿಗೆ ಒಂದು ಸ್ಟೂಲ್ ಇದೆ. ಮಿಕ್ಕವರು ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ನಿಂತೇ ಇರಬೇಕು, ಗಿರಾಕಿ ಇರಲಿ ಬಿಡಲಿ. ಹಾಸಿಗೆ, ದಿಂಬು, ಹೊದಿಕೆ ಮಾರುವವಳು ಕೂರುವ ಹಾಗಿಲ್ಲ! (ಈ ವ್ಯಂಗ್ಯ ನನ್ನದಲ್ಲ, ಅಂಗಡಿಯದು.)

ಗೋಡೆಗೆ ಒರಗಿದರೆ ಮ್ಯಾನೇಜರ್ ಕ್ಯಾಮೆರಾದಲ್ಲಿ ನೋಡಿ ಮೈಕಿನಲ್ಲಿ, "ಬೆಡ್‌ಶೀಟ್, ನೆಟ್ಟಗೆ ನಿಲ್ಲಿ" ಅನ್ನುತ್ತಾನೆ. ಅದಕ್ಕೇ ಹೆಂಗಸರು ಅಳತೆ ಟೇಪನ್ನು ಬೇಕೆಂತಲೇ ಕೆಳಗೆ ಬೀಳಿಸಿ, ಕೌಂಟರಿನ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹುಡುಕುತ್ತಾರೆ. ಟೇಪು ಕಾಲ ಹತ್ತಿರವೇ ಇರುತ್ತದೆ. ಬೇಗ ಸಿಗಬಾರದು, ಅಷ್ಟೆ.

3
ಆ ಬೆಳಿಗ್ಗೆ ಅಂಗಡಿ ಮುಂದೆ ಸಮಾರಂಭ, ಆಮೇಲೆ ಸ್ವಾತಂತ್ರ್ಯದ ಸ್ಪೆಷಲ್ ಡಿಸ್ಕೌಂಟ್. ಧ್ವಜ ಹಾರಿಸಿದ ಮೇಲೆ ಅದೇ ಮ್ಯಾನೇಜರ್ ಅದೇ ಮೈಕಿನಲ್ಲಿ, "ದಯವಿಟ್ಟು ಎಲ್ಲರೂ ಕುಳಿತುಕೊಳ್ಳಿ" ಎಂದ. ಅತಿಥಿಗಳಿಗೆ ಹೇಳಿದ್ದು. ಆದರೆ ಆ ದನಿ ಆ ಮಾತು ಹೇಳಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಕಾಲುಗಳು ತಾವಾಗಿಯೇ ಕೊನೆಯ ಸಾಲಿನ ಖಾಲಿ ಕುರ್ಚಿಯತ್ತ ನಡೆದವು.

ಮಾಲೀಕರು ಸ್ವಾತಂತ್ರ್ಯದ ಬಗ್ಗೆ ಮಾತಾಡಿದರು, ಮಾತಾಡಿದರು, ಮಾತಾಡುತ್ತಲೇ ಇದ್ದರು. ಆಮೇಲೆ, ಕೊನೆಗೆಂದು ಇಟ್ಟಿದ್ದ ರಾಷ್ಟ್ರಗೀತೆ. ಎಲ್ಲರೂ ಎದ್ದರು. ಹಿಂದಿನಿಂದ ಯಾರೋ ಫೋನಿನಲ್ಲಿ ವಿಡಿಯೊ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಊರಿಡೀ ಅವಳ ಬೆನ್ನನ್ನು ನೋಡಿಯಾಗಿತ್ತು.

ಮಾಲೀಕರ ಅಪ್ಪಣೆ ಬಂತು: ಸಂಜೆಯೊಳಗೆ ಕ್ಷಮೆ ಕೇಳುವ ವಿಡಿಯೊ ಕೊಡಬೇಕಂತೆ. ಇಲ್ಲದಿದ್ದರೆ ನಾಳೆಯಿಂದ ಅವಳೂ ಬರುವುದು ಬೇಡ, ನಾದಿನಿಯೂ ಬೇಡ.

4
ಇಲ್ಲಿ ನಾನು ಹೆದರಿ ಕತೆಯೊಳಗೆ ಕೈ ಹಾಕಿದೆ. "ಪಾಪ, ಅವಳಿಗೆ ಮಂಡಿ ನೋವಿತ್ತು" ಎಂದು ಬರೆದೆ.

"ಆ ಸಾಲು ಹೊಡೆದು ಹಾಕಿ," ಅಂದಳು ಅವಳೇ, ಕತೆಯೊಳಗಿಂದ. "ನಂಗೆ ಮಂಡಿ ನೋವಿಲ್ಲ."

"ತಲೆಸುತ್ತು?"

"ಇಲ್ಲ."

"ಬಸುರಿ ಅಂತ ಮಾಡಲಾ? ಓದುಗರು ತಕ್ಷಣ ಕ್ಷಮಿಸ್ತಾರೆ."

"ರೀ ಕತೆಗಾರರೇ, ನನ್ನ ಗಂಡನ್ನೂ ಒಂದು ಮಾತು ಕೇಳಿ."

"ಮತ್ತೆ ಯಾಕಮ್ಮಾ ಏಳಲಿಲ್ಲ? ದೇಶದ ಮೇಲೆ ಸಿಟ್ಟಾ?"

"ಅಯ್ಯೋ, ಸಿಟ್ಟು ಯಾಕೆ? ಹಾಡಿದೆನಲ್ಲ! ವಿಡಿಯೊದಲ್ಲಿ ಬೆನ್ನು ಮಾತ್ರ ಬಂದಿದೆ, ಬಾಯಿ ಬಂದಿಲ್ಲ. ಪ್ರತಿ ವರ್ಷ ನಿಂತು ಹಾಡುವಾಗ ಮನಸ್ಸೆಲ್ಲ ಹಿಮ್ಮಡಿ ನೋವಲ್ಲೇ ಇರುತ್ತೆ, ಯಾವಾಗ ಮುಗಿಯುತ್ತೋ ಅಂತ. ಈ ಸಲ ಒಂದೊಂದು ಮಾತೂ ಕಿವಿಗೆ ಬಿತ್ತು. ಇದು ನಂದೇ ದೇಶ ಅನ್ನಿಸ್ತು. ಅಳು ಬಂತು. ಏಳೋಕೆ ಮನಸ್ಸಾಗಲಿಲ್ಲ."

"ಹಿಮ್ಮಡಿ ನೋವು! ಅದನ್ನೇ ಹಾಕೋಣ."

"ಅದು ಕಾಯಿಲೆ ಅಲ್ಲ. ಅದು ಕೆಲಸ."

5
ನಾದಿನಿ ಅವಳನ್ನು ಗೋಡೌನಿಗೆ ಎಳೆದುಕೊಂಡು ಹೋದಳು. "ಅತ್ತಿಗೆ, ದಮ್ಮಯ್ಯ, ಕಾಯಿಲೆ ಅಂದ್ಬಿಡಿ. ನಿಮ್ಮ ಗಂಟೇನು ಹೋಗುತ್ತೆ? ನನ್ನ ಕೆಲಸಕ್ಕೂ ಕಲ್ಲು ಹಾಕ್ಬೇಡಿ."

"ಇವತ್ತು ಕಾಯಿಲೆ ಅಂದ್ರೆ, ಇನ್ಮೇಲೆ ಕೂರಬೇಕು ಅಂದ್ರೆ ಕಾಯಿಲೆನೇ ಬರಬೇಕಾಗುತ್ತೆ ಕಣೇ."

ಹಾಗಂದಳೇ ಹೊರತು ನಾದಿನಿಯ ಮುಖ ನೋಡಲಿಲ್ಲ. ನಾದಿನಿಯ ಕೆಲಸ ಹೋದರೆ ಯಾವ ಮುಖ ಹೊತ್ತು ಮನೆಗೆ ಹೋಗುವುದು?

6
ಅಂತ್ಯ ಒಂದು: ಕ್ಷಮೆ ಕೇಳುತ್ತಾಳೆ. ಮಾರನೆಯ ದಿನ, "ಬೆಡ್‌ಶೀಟ್, ನೆಟ್ಟಗೆ." (ಆಗುವುದು ಇದೇ. ಅದಕ್ಕೇ ಬರೆಯಲು ಕೈ ಬರುತ್ತಿಲ್ಲ.)

ಅಂತ್ಯ ಎರಡು: ಟವೆಲ್, ಪರದೆ, ಮಕ್ಕಳ ಉಡುಪು, ಎಲ್ಲ ವಿಭಾಗದವರೂ ಒಟ್ಟಿಗೆ ಕೂತುಬಿಡುತ್ತಾರೆ. ಬರೆದು ನಾನೇ ಚಪ್ಪಾಳೆ ಹೊಡೆದುಕೊಂಡೆ.

"ನಾಳೆ ಅವರ ಮನೆ ಒಲೆ ನೀವು ಹಚ್ತೀರಾ?" ಎಂದು ಕೇಳಿದಳು. ಅದನ್ನೂ ಹರಿದೆ.

8
(ಏಳರಲ್ಲಿ ಪೊಲೀಸರು ಬಂದಿದ್ದರು. ನನಗೇ ಭಯವಾಗಿ ತೆಗೆದುಬಿಟ್ಟೆ.)

ಸಂಜೆ. ಗೋಡೌನು. ಮ್ಯಾನೇಜರ್ ಫೋನ್ ಹಿಡಿದಿದ್ದಾನೆ, ಅದರ ಬೆಳಕು ಅವಳ ಮುಖದ ಮೇಲೆ. ನಾದಿನಿ ಉಗುರು ಕಚ್ಚುತ್ತ ಬಾಗಿಲಲ್ಲಿ ನಿಂತಿದ್ದಾಳೆ.

"ತಪ್ಪಾಯ್ತು ಅಂತ ಹೇಳ್ತೀನಿ ಸಾರ್," ಎನ್ನುತ್ತಾಳೆ. "ಕೂತು ಹೇಳ್ಲಾ?"

"ಕುರ್ಚಿ ಎಲ್ಲಿದೆ ಇಲ್ಲಿ? ಎಲ್ಲ ವಾಪಸ್ ಹೋಯ್ತು."

ನಾನು ಒಂದು ವಾಕ್ಯ ಬರೆದರೆ ಕುರ್ಚಿ ಬರುತ್ತದೆ. ಕುರ್ಚಿ ಬಂದರೆ ಅವಳು ಕೂರುತ್ತಾಳೆ, ಇಬ್ಬರ ಕೆಲಸವೂ ಹೋಗುತ್ತದೆ. ಬರೆಯದಿದ್ದರೆ ಮ್ಯಾನೇಜರ್‌ಗೂ ನನಗೂ ಏನು ವ್ಯತ್ಯಾಸ? ಓದುಗರೇ, ಬಾಯಿ ಬಿಟ್ಟು ಏನಾದರೂ ಹೇಳಿ. ನೀವೂ ಸುಮ್ಮನೆ ನೋಡುತ್ತಿದ್ದೀರಿ, ಆ ಫೋನಿನ ಹಾಗೆ.

"ಕುರ್ಚಿ ಬೇಡ ಬಿಡಿ," ಎಂದಳು. ಹೇಳಿದ್ದು ಮ್ಯಾನೇಜರ್‌ಗೋ ನನಗೋ ಗೊತ್ತಾಗಲಿಲ್ಲ. "ನೆಲ ಇದೆಯಲ್ಲ."

"ಅತ್ತಿಗೇ!" ಎಂದು ನಾದಿನಿ ಚೀರಿದಳು.

ಅವಳ ಮಂಡಿ ಅರ್ಧ ಮಡಚಿದೆ. ಇನ್ನರ್ಧವನ್ನು ನಾನು ಬರೆಯುವುದಿಲ್ಲ. ಕಾಲು ಅವಳದು.